ದೇವಾಲಯದ ಬಾಗಿಲು ತೆರೆದ ಅರಸ ಹಿಜ್ಕೀಯ

ಹಳೆಯ ಒಡಂಬಡಿಕೆಯ ಅರಸರು ಎಂದ ಕೂಡಲೇ ನಮ್ಮ ಬಾಯಿಗೆ ಬರುವ ಹೆಸರುಗಳು ಸೌಲ, ದಾವೀದ ಮತ್ತು ಸೊಲೊಮೋನ. ಧರ್ಮೋಪದೇಶದ ತರಗತಿಯಲ್ಲಿ ಈ ಮೂವರ ಕಥೆ ಮುಗಿದ ಮೇಲೆ ನಾವು ಸುಮಾರು ಒಂಬತ್ತು ನೂರು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ ಬೆತ್ಲೆಹೇಮಿಗೆ ಬಂದು ನಿಲ್ಲುತ್ತೇವೆ. ನಡುವೆ ಜುದೇಯವನ್ನು ಆಳಿದವರು ಅನೇಕರು. ನಮ್ಮ ಬೈಬಲಿನಲ್ಲಿರುವ ಸಿರಾಖನ ಗ್ರಂಥವು ಅವರೆಲ್ಲರನ್ನು ತೂಗಿ ನೋಡಿ, ಕೊನೆಗೆ ಮೂವರನ್ನು ಮಾತ್ರ ದಾರಿ ತಪ್ಪದವರೆಂದು ಹೇಳುತ್ತದೆ: ದಾವೀದ, ಹಿಜ್ಕೀಯ, ಯೋಷೀಯ. ದಾವೀದನನ್ನು ನಾವೆಲ್ಲ ಬಲ್ಲೆವು. ಈ ಸಲ ಹಿಜ್ಕೀಯನ ಬಾಳನ್ನು ನೋಡೋಣ. ಅವನನ್ನು ಆರಿಸಿಕೊಳ್ಳಲು ನಮಗೆ ಇನ್ನೂ ಒಂದು ಕಾರಣವಿದೆ. ಅವನು ನೀರಿಗಾಗಿ ಸುರಂಗ ಕೊರೆಸಿದ ಅರಸ. ಸುರಂಗ ಎಂದರೇನೆಂದು ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಿಜ್ಕೀಯ ಬದುಕಿದ್ದು ಕ್ರಿಸ್ತಪೂರ್ವ 8ನೆಯ ಶತಮಾನದ ಕೊನೆಯಲ್ಲಿ. ಪಟ್ಟಕ್ಕೆ ಬಂದಾಗ ಅವನ ವಯಸ್ಸು 25. ನಮ್ಮ ಯುವಜನ ಸಂಘಟನೆಯ ಸದಸ್ಯರಷ್ಟೇ ಪ್ರಾಯ. ತಂದೆ ಆಹಾಜ ಬಿಟ್ಟುಹೋದದ್ದು ಒಳ್ಳೆಯ ಆಸ್ತಿಯಲ್ಲ. ಆಹಾಜ ದೇವರಿಗಿಂತ ಅಸ್ಸೀರಿಯದ ಚಕ್ರವರ್ತಿಯನ್ನು ಹೆಚ್ಚು ನಂಬಿದವನು. ದೇವಾಲಯದ ಬೆಳ್ಳಿಬಂಗಾರವನ್ನು ಅವನಿಗೆ ಕಾಣಿಕೆಯಾಗಿ ಕಳುಹಿಸಿದ. ದಮಸ್ಕಸಿನಲ್ಲಿ ಕಂಡ ಒಂದು ಬಲಿಪೀಠದ ಮಾದರಿಯನ್ನು ತರಿಸಿ ಜೆರುಸಲೇಮಿನಲ್ಲಿ ಅಂಥದ್ದನ್ನೇ ಕಟ್ಟಿಸಿದ. ತನ್ನ ಮಗನನ್ನೇ ಬೆಂಕಿಗೆ ಆಹುತಿ ಕೊಟ್ಟನೆಂದೂ ಬೈಬಲ್ ಹೇಳುತ್ತದೆ. ಎಂದರೆ ಹಿಜ್ಕೀಯನ ಒಡಹುಟ್ಟಿದವನೊಬ್ಬ ಹೀಗೆ ಸತ್ತಿದ್ದ. ಕೊನೆಗೆ ಆಹಾಜ ದೇವಾಲಯದ ಬಾಗಿಲುಗಳನ್ನೇ ಮುಚ್ಚಿಸಿದ. ಕನ್ಯೆಯು ಗರ್ಭಧರಿಸಿ ಇಮ್ಮಾನುವೇಲನನ್ನು ಹೆರುವಳೆಂಬ ಮಾತನ್ನು, ಕ್ರಿಸ್ಮಸ್ ಕಾಲದಲ್ಲಿ ನಾವು ತಪ್ಪದೆ ಕೇಳುವ ಮಾತನ್ನು, ಪ್ರವಾದಿ ಯೆಶಾಯ ಹೇಳಿದ್ದು ಇದೇ ಆಹಾಜನಿಗೆ. ಮೇಲಣ ಕೊಳದ ಕಾಲುವೆಯ ಬಳಿ, ಅಗಸರ ಹೊಲದ ದಾರಿಯಲ್ಲಿ ಅವನನ್ನು ಕಂಡು ಹೆದರಬೇಡ ಎಂದಿದ್ದ. ಆಹಾಜ ಕಿವಿಗೊಡಲಿಲ್ಲ. ಆ ಜಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಂಥ ಮನೆಯಲ್ಲಿ ಬೆಳೆದ ಹುಡುಗ ಹೇಗೆ ಬೇರೆಯಾದ? ಬೈಬಲ್ ಕಾರಣ ಹೇಳುವುದಿಲ್ಲ. ತಾಯಿಯ ಹೆಸರನ್ನು ಮಾತ್ರ ಕೊಡುತ್ತದೆ: ಜೆಕರ್ಯನ ಮಗಳು ಅಬೀಯ. ನಾವು ಇದಕ್ಕಿಂತ ಹೆಚ್ಚು ಊಹಿಸುವುದು ಬೇಡ. ಆದರೆ ಧರ್ಮಕೇಂದ್ರದ ಯುವಜನರ ನಡುವೆ ಓಡಾಡುವಾಗ, ಮನೆಯಲ್ಲಿ ಜಪಮಾಲೆ ನಿಂತು ವರ್ಷಗಳಾದ ಕುಟುಂಬದಿಂದಲೂ ಒಬ್ಬ ಹುಡುಗನೋ ಹುಡುಗಿಯೋ ಭಾನುವಾರ ಸರಿಯಾದ ಹೊತ್ತಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುವುದನ್ನು ನಾವು ನೋಡುತ್ತೇವೆ. ಹಿಜ್ಕೀಯ ಅಂಥವರ ಅರಸ ಎಂದು ನಮಗೆ ಅನ್ನಿಸುತ್ತದೆ.

ಅವನ ಮೊದಲ ಕೆಲಸ ತಂದೆ ಮುಚ್ಚಿದ ಬಾಗಿಲನ್ನು ತೆರೆಯುವುದು. ಆಳ್ವಿಕೆಯ ಮೊದಲ ವರ್ಷದ ಮೊದಲ ತಿಂಗಳಲ್ಲೇ ಬಾಗಿಲುಗಳನ್ನು ತೆರೆಸಿ ದುರಸ್ತಿ ಮಾಡಿಸಿದ. ಒಳಗೆ ಕಸ ತುಂಬಿತ್ತು. ಲೇವಿಯರು ಅಂಗಳದಿಂದ ಕೈಸಾಲೆಯವರೆಗೆ ಬರಲು 8 ದಿನ, ಒಳಗನ್ನು ಶುದ್ಧಮಾಡಲು ಇನ್ನೂ 8 ದಿನ, ಒಟ್ಟು 16 ದಿನ ದುಡಿದು ಕಸವನ್ನು ಹೊತ್ತು ಕಿದ್ರೋನ್ ಕಣಿವೆಗೆ ಹಾಕಿದರು. ಹಬ್ಬಕ್ಕೆ ಮುಂಚೆ ಗುಡಿಸಿ ತೊಳೆಯುವ ವಾರ್ಡಿನ ಗುರಿಕಾರರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟದ್ದು ಒಂದೇ ಬೆಳಿಗ್ಗೆ ಸ್ವಚ್ಛವಾಗುವುದಿಲ್ಲ.

ಈ 16 ದಿನಗಳ ದೆಸೆಯಿಂದ ಪಾಸ್ಕಹಬ್ಬದ ದಿನವೇ ದಾಟಿಹೋಯಿತು. ಹಬ್ಬ ಮೊದಲ ತಿಂಗಳ 14ನೆಯ ದಿನಕ್ಕೆ ಬರಬೇಕು. ಅಷ್ಟರಲ್ಲಿ ಯಾಜಕರು ಸಿದ್ಧರಾಗಿರಲಿಲ್ಲ, ಜನರೂ ಸೇರಿರಲಿಲ್ಲ. ಹಿಜ್ಕೀಯ ಮುಂದಿನ ವರ್ಷ ನೋಡೋಣ ಎನ್ನಲಿಲ್ಲ. ಎರಡನೆಯ ತಿಂಗಳಲ್ಲೇ ಆಚರಿಸೋಣ ಎಂದ. ದೂರದ ಪಯಣದಲ್ಲಿದ್ದವರಿಗೂ ಅಶುದ್ಧರಾದವರಿಗೂ ಮೋಶೆಯ ಕಾನೂನು ಕೊಟ್ಟಿದ್ದ ರಿಯಾಯಿತಿ ಅದು. ಅವನು ಅದನ್ನು ಇಡೀ ನಾಡಿಗೆ ಅನ್ವಯಿಸಿದ. ಬೇರ್ಷೆಬದಿಂದ ದಾನ್‌ವರೆಗೆ ಓಲೆಕಾರರನ್ನು ಕಳುಹಿಸಿ, ಅಸ್ಸೀರಿಯದ ಹೊಡೆತಕ್ಕೆ ಸಿಕ್ಕಿ ಉಳಿದಿದ್ದ ಉತ್ತರದ ಕುಲದವರನ್ನೂ ಕರೆಸಿದ. ಸೊಲೊಮೋನನ ನಂತರ ಎರಡು ನೂರು ವರ್ಷ ಬೇರೆಯಾಗಿದ್ದ ಜನ ಅವರು. ಹೆಚ್ಚಿನವರು ಓಲೆಕಾರರನ್ನು ನೋಡಿ ನಕ್ಕರು. ಆಶೇರ್, ಮನಸ್ಸೆ, ಜೆಬುಲೂನ್ ಕುಲಗಳ ಕೆಲವರು ಮಾತ್ರ ತಲೆತಗ್ಗಿಸಿ ಬಂದರು.

ಬಂದವರಿಗೂ ವಿಧಿ ತಿಳಿದಿರಲಿಲ್ಲ. ಶುದ್ಧಿ ಮಾಡಿಕೊಳ್ಳದೆ ಪಾಸ್ಕದ ಊಟಕ್ಕೆ ಕೂತರು. ನಿಯಮದಂತೆ ಅವರನ್ನು ಎಬ್ಬಿಸಬೇಕಿತ್ತು. ಹಿಜ್ಕೀಯ ಅವರನ್ನು ಎಬ್ಬಿಸಲಿಲ್ಲ, ಅವರಿಗಾಗಿ ಪ್ರಾರ್ಥಿಸಿದ. ಮನಸ್ಸಿಟ್ಟು ದೇವರನ್ನು ಅರಸಿ ಬಂದ ಪ್ರತಿಯೊಬ್ಬನನ್ನೂ, ವಿಧಿಯ ಪ್ರಕಾರ ಶುದ್ಧನಾಗಿರದಿದ್ದರೂ, ಒಳ್ಳೆಯವನಾದ ಸರ್ವೇಶ್ವರ ಕ್ಷಮಿಸಲಿ ಎಂದು ಬೇಡಿದ. ದೇವರು ಆ ಪ್ರಾರ್ಥನೆಯನ್ನು ಕೇಳಿದರು. 7 ದಿನದ ಹಬ್ಬ ಸಾಲದೆ ಜನ ಇನ್ನೂ 7 ದಿನ ಮುಂದುವರಿಸಿದರು. ಅರಸ 1,000 ಹೋರಿಗಳನ್ನೂ 7,000 ಕುರಿಗಳನ್ನೂ ಕೊಟ್ಟ.

ನಾವು ಈ ಭಾಗವನ್ನು ಮತ್ತೆ ಮತ್ತೆ ಓದಿದ್ದೇವೆ. ಗಲ್ಫಿನಲ್ಲಿ ಹತ್ತು ವರ್ಷ ಇದ್ದು ಬಂದವರು, ಮುಂಬೈ ಬೆಂಗಳೂರುಗಳಲ್ಲಿ ದೇವಾಲಯದ ದಾರಿ ತಪ್ಪಿದವರು ಊರಹಬ್ಬಕ್ಕೆ ಬಂದು ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ. ಪ್ರತ್ಯುತ್ತರ ಮರೆತಿರುತ್ತದೆ, ಯಾವಾಗ ಮೊಣಕಾಲೂರಬೇಕೆಂದು ಪಕ್ಕದವರನ್ನು ನೋಡುತ್ತಾರೆ. ಪಕ್ಕದವರ ಮುಖದಲ್ಲಿ ಅವರಿಗೆ ಏನು ಕಾಣುತ್ತದೆ ಎಂಬುದರ ಮೇಲೆ ಮುಂದಿನ ಭಾನುವಾರ ಅವರು ಬರುತ್ತಾರೋ ಇಲ್ಲವೋ ಎಂಬುದು ನಿಂತಿದೆ. ಪರಮಪ್ರಸಾದ ಸ್ವೀಕರಿಸಲು ಬೇಕಾದ ಸಿದ್ಧತೆಯನ್ನು ಧರ್ಮಸಭೆ ಕಲಿಸುತ್ತದೆ, ಪಾಪನಿವೇದನೆಯ ಸಂಸ್ಕಾರವೂ ಇದೆ. ಅದನ್ನು ಹಗುರ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಹಿಜ್ಕೀಯನ ಮೊದಲ ಪ್ರತಿಕ್ರಿಯೆ ಬೆರಳು ತೋರಿಸುವುದಾಗಿರಲಿಲ್ಲ.

ಅದೇ ಅರಸ ಇನ್ನೊಂದು ವಿಷಯದಲ್ಲಿ ಬಹಳ ಕಠಿಣ. ಮರುಭೂಮಿಯಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಮಾಡಿಸಿದ ಕಂಚಿನ ಸರ್ಪ ಅವನ ಕಾಲದವರೆಗೂ ಉಳಿದಿತ್ತು. ಜನ ಅದಕ್ಕೆ ನೆಹುಷ್ಟಾನ್ ಎಂದು ಹೆಸರಿಟ್ಟು ಧೂಪ ಹಾಕುತ್ತಿದ್ದರು. ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ. ಇದು ಅನ್ಯರ ವಿಗ್ರಹವಾಗಿರಲಿಲ್ಲ. ದೇವರೇ ಮಾಡಿಸಲು ಹೇಳಿದ್ದು, ಮೋಶೆಯ ಕೈ ಮುಟ್ಟಿದ್ದು, ಎಷ್ಟೋ ತಲೆಮಾರು ಹಳೆಯದು. ಗುಣಪಡಿಸಿದವರನ್ನು ಬಿಟ್ಟು ಗುಣಕ್ಕೆ ಗುರುತಾದ ವಸ್ತುವನ್ನೇ ಜನ ಹಿಡಿದುಕೊಂಡಾಗ ಅವನು ಸುತ್ತಿಗೆ ಎತ್ತಿದ. ಪ್ರತಿಮೆಗಳನ್ನು ಗೌರವಿಸುವ ನಮ್ಮ ಪದ್ಧತಿ ಆರಾಧನೆಯಲ್ಲ ಎಂದು ನಾವು ಇತರರಿಗೆ ಉತ್ತರ ಹೇಳುತ್ತೇವೆ, ಅದು ಸರಿಯೇ. ಆ ಉತ್ತರ ನಮ್ಮ ವಿಷಯದಲ್ಲಿ ನಿಜವೇ ಎಂದು ಆಗಾಗ ನೋಡಿಕೊಳ್ಳಲು ನೆಹುಷ್ಟಾನ್ ಒಳ್ಳೆಯ ನೆನಪು. ಸರ್ಪ ಚೂರಾದರೂ ಅದರ ಅರ್ಥ ಸಾಯಲಿಲ್ಲ. ಯೇಸುಸ್ವಾಮಿ ನಿಕೊದೇಮನೊಡನೆ ಮಾತಾಡುವಾಗ ತಮ್ಮ ಶಿಲುಬೆಯನ್ನು ಹೋಲಿಸಿದ್ದು ಅದೇ ಸರ್ಪಕ್ಕೆ.

ಇನ್ನು ಸುರಂಗಕ್ಕೆ ಬರೋಣ. ಕ್ರಿಸ್ತಪೂರ್ವ 722ರ ಹೊತ್ತಿಗೆ ಉತ್ತರದ ರಾಜಧಾನಿ ಸಮಾರಿಯ ಅಸ್ಸೀರಿಯದ ವಶವಾಯಿತು, ಜನ ಸೆರೆಯಾಗಿ ಹೋದರು. ಹಿಜ್ಕೀಯ ಕಪ್ಪ ಕೊಡುವುದನ್ನು ನಿಲ್ಲಿಸಿದ. ಅದರ ಪರಿಣಾಮ ಅವನಿಗೆ ಗೊತ್ತಿತ್ತು. ಜೆರುಸಲೇಮಿಗೆ ಇದ್ದ ನೀರಿನ ದೊಡ್ಡ ಆಸರೆ ಗೀಹೋನ್ ಬುಗ್ಗೆ, ಅದು ಊರಿನ ಅಂಚಿನ ಕಣಿವೆಯಲ್ಲಿ. ಮುತ್ತಿಗೆ ಹಾಕುವವನಿಗೆ ನೀರು, ಒಳಗಿನವರಿಗೆ ಬಾಯಾರಿಕೆ ಆಗಬಾರದೆಂದು ಹೊರಗಿನ ಸೆಲೆಗಳನ್ನು ಮುಚ್ಚಿಸಿ, ಗೀಹೋನಿನ ನೀರನ್ನು ಬಂಡೆಯೊಳಗಿಂದ ಊರಿನ ಪಶ್ಚಿಮಕ್ಕೆ ತಿರುಗಿಸಿದನೆಂದು ಬೈಬಲ್ ಹೇಳುತ್ತದೆ.

ಆ ಸುರಂಗ ಇಂದಿಗೂ ಇದೆ, ನೀರು ಇಂದಿಗೂ ಹರಿಯುತ್ತದೆ. ಉದ್ದ 533 ಮೀಟರ್. ನೇರವಾಗಿ ಅಳೆದರೆ ಸುಮಾರು 320 ಮೀಟರೇ ಇರುವ ದೂರವನ್ನು ಅದು ಹಾವಿನಂತೆ ಬಳುಕಿ ತಲುಪುತ್ತದೆ. ಎರಡು ತುದಿಗಳ ನಡುವಿನ ಇಳಿಜಾರು ಸುಮಾರು 30 ಸೆಂಟಿಮೀಟರ್ ಮಾತ್ರ. ವಿಜ್ಞಾನ ಓದಿದ ನಮಗೆ ಈ ಅಂಕಿ ತಲೆಯಿಂದ ಹೋಗುವುದಿಲ್ಲ. ಅರ್ಧ ಕಿಲೋಮೀಟರಿಗೆ ಒಂದು ಅಡಿ! ದಿಕ್ಸೂಚಿಯೂ ಇಲ್ಲದ ಕಾಲದಲ್ಲಿ ಎರಡು ತಂಡಗಳು ಎರಡು ಕಡೆಯಿಂದ ಅಗೆಯುತ್ತಾ ಬಂದು ಕತ್ತಲೆಯಲ್ಲಿ ಸೇರಿದವು. 1880ರಲ್ಲಿ ಸಿಲೋವಾಂ ಕಡೆಯ ಬಾಯಿಯ ಬಳಿ ನೀರಿಗಿಳಿದ ಹುಡುಗರು ಗೋಡೆಯ ಮೇಲೆ ಅಕ್ಷರಗಳನ್ನು ಕಂಡರು. ಆರು ಸಾಲಿನ ಆ ಹೀಬ್ರೂ ಶಾಸನ ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಕೊನೆಯ ಮೂರು ಮೊಳ ಉಳಿದಾಗ ಆಚೆಯವರ ಕೂಗು ಈಚೆಯವರಿಗೆ ಕೇಳಿಸಿದ್ದನ್ನು, ಪಿಕಾಸಿಗೆ ಪಿಕಾಸಿ ಎದುರಾದದ್ದನ್ನು, ನೀರು 1,200 ಮೊಳ ಹರಿದದ್ದನ್ನು ಅದು ಹೇಳುತ್ತದೆ. ಅದರಲ್ಲಿ ಅರಸನ ಹೆಸರಿಲ್ಲ. ಅಗೆದವರ ಸಂತೋಷ ಮಾತ್ರ ಇದೆ. 2003ರಲ್ಲಿ ವಿಜ್ಞಾನಿಗಳು ಸುರಂಗದ ಗಾರೆಯಲ್ಲಿ ಸಿಕ್ಕ ಸಸ್ಯದ ತುಣುಕುಗಳನ್ನು ಕಾರ್ಬನ್ ವಿಧಾನದಿಂದಲೂ ಒಳಗೆ ಬೆಳೆದ ಸುಣ್ಣದ ತೊಂಗಲನ್ನು ಯುರೇನಿಯಂ ಥೋರಿಯಂ ವಿಧಾನದಿಂದಲೂ ಪರೀಕ್ಷಿಸಿ, ಕಾಲ ಕ್ರಿಸ್ತಪೂರ್ವ 700ರ ಆಸುಪಾಸು ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ನಮ್ಮ ಕಡೆಯ ಸುರಂಗ ಬೇರೆ ಬಗೆಯದು. ಮುರಕಲ್ಲಿನ ಗುಡ್ಡಕ್ಕೆ ಒಂದೇ ಕಡೆಯಿಂದ ಅಡ್ಡಲಾಗಿ ಕೊರೆದು ಒಸರುವ ನೀರನ್ನು ಹುಡುಕುತ್ತಾ ಹೋಗುವುದು. ದೀಪ ಆರಿದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹಿಂದೆ ಬರುವುದು. ಗಡಿಯಾಚೆ ಅಡ್ಯನಡ್ಕದ ಬಳಿ ಒಬ್ಬರೇ ಹಲವು ಸುರಂಗಗಳಲ್ಲಿ ಸೋತು ಕೊನೆಗೆ ನೀರು ಕಂಡ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದನ್ನು ಎಲ್ಲರೂ ಓದಿದ್ದೇವೆ. ಬಂಡೆಯೊಳಗೆ ನೀರಿಗಾಗಿ ಬೆವರು ಸುರಿಸುವುದೆಂದರೆ ಏನೆಂದು ಬಲ್ಲ ನಾಡು ನಮ್ಮದು. ಹಾಗಾಗಿ ಮುಂದಿನ ಮಾತು ನಮಗೆ ಸ್ವಲ್ಪ ನೋವು ಕೊಡುತ್ತದೆ. ಯೆಶಾಯ ಈ ಕಾಮಗಾರಿಗಳನ್ನು ಹೊಗಳಲಿಲ್ಲ. ನೀವು ಮನೆಗಳನ್ನು ಎಣಿಸಿ ಕೆಡವಿ ಗೋಡೆಯನ್ನು ಬಲಪಡಿಸಿದಿರಿ, ಎರಡು ಗೋಡೆಗಳ ನಡುವೆ ನೀರಿಗೆ ಜಾಗ ಮಾಡಿದಿರಿ, ಆದರೆ ಇದನ್ನೆಲ್ಲ ಮೊದಲೇ ಯೋಜಿಸಿದವರ ಕಡೆಗೆ ಕಣ್ಣೆತ್ತಲಿಲ್ಲ ಎಂದು ಗದರಿದ. ಮನೆ ಕೆಡವಿದ್ದೂ ನಿಜ. ಆ ಕಾಲದ ಸುಮಾರು 7 ಮೀಟರ್ ದಪ್ಪದ ಗೋಡೆಯೊಂದು ಜೆರುಸಲೇಮಿನ ಉತ್ಖನನದಲ್ಲಿ ಸಿಕ್ಕಿದೆ, ಅದರ ಕೆಳಗೆ ಮನೆಗಳ ಅಡಿಪಾಯವಿದೆ. ಈಜಿಪ್ಟಿನ ಕುದುರೆಗಳನ್ನು ನಂಬಿದ್ದಕ್ಕೂ ಪ್ರವಾದಿ ಬೈದ. ಸುರಂಗ ತಪ್ಪೆಂದು ಅವನು ಹೇಳಿದನೆಂದು ನಮಗೆ ತೋರುವುದಿಲ್ಲ. ಸುರಂಗ ಇದೆ ಎಂದು ನೆಮ್ಮದಿಯಾಗಿ ಮಲಗಿದವರನ್ನು ಅವನು ಎಬ್ಬಿಸಿದ.

ಕ್ರಿಸ್ತಪೂರ್ವ 701ರಲ್ಲಿ ಅಸ್ಸೀರಿಯದ ಸನ್ಹೇರೀಬ ಬಂದೇಬಿಟ್ಟ. ತಾನು ಜುದೇಯದ 46 ಕೋಟೆಯ ಪಟ್ಟಣಗಳನ್ನು ಹಿಡಿದೆ, ಎರಡು ಲಕ್ಷಕ್ಕೂ ಮಿಕ್ಕಿ ಜನರನ್ನು ಹೊರಗೆಳೆದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಎಂದು ಅವನೇ ಮಣ್ಣಿನ ಸ್ತಂಭದ ಮೇಲೆ ಬರೆಸಿಕೊಂಡಿದ್ದಾನೆ. ಲಾಕೀಷ್ ಪಟ್ಟಣ ಬಿದ್ದದ್ದನ್ನು ನಿನೆವೆಯ ಅರಮನೆಯ ಗೋಡೆಗೆ ಕೆತ್ತಿಸಿದ. ಆ ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎತ್ತಿನಗಾಡಿಯ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೆಂಗಸರು ಮಕ್ಕಳು ಊರು ಬಿಡುವ ದೃಶ್ಯ ಅದರಲ್ಲಿದೆ.

ಹಿಜ್ಕೀಯ ಹೆದರಿದ. ತಪ್ಪಾಯಿತು, ಕೇಳಿದಷ್ಟು ಕೊಡುತ್ತೇನೆ ಎಂದು ಹೇಳಿಕಳುಹಿಸಿದ. 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ. ಖಜಾನೆ ಸಾಲಲಿಲ್ಲ. ಆಗ ದೇವಾಲಯದ ಬಾಗಿಲುಗಳಿಗೆ ತಾನೇ ಹಿಂದೆ ಹೊದಿಸಿದ್ದ ಬಂಗಾರದ ತಗಡನ್ನು ಕಿತ್ತುಕೊಟ್ಟ. ತಂದೆ ಮುಚ್ಚಿದ್ದ, ತಾನು ತೆರೆದಿದ್ದ, ಅದೇ ದೇವಾಲಯದ ಬಾಗಿಲುಗಳು. ಬೈಬಲ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ, ಬೈಯುವುದಿಲ್ಲ, ಸಮರ್ಥಿಸುವುದೂ ಇಲ್ಲ.

ಬಂಗಾರ ಪಡೆದ ಮೇಲೂ ಸನ್ಹೇರೀಬ ಹಿಂದೆ ಹೋಗಲಿಲ್ಲ. ಅವನ ಅಧಿಕಾರಿ ರಬ್ಷಾಕೆ ಸೇನೆಯೊಡನೆ ಬಂದು ನಿಂತ. ನಿಂತದ್ದು ಎಲ್ಲಿ? ಮೇಲಣ ಕೊಳದ ಕಾಲುವೆಯ ಬಳಿ, ಅಗಸರ ಹೊಲದ ದಾರಿಯಲ್ಲಿ. ಆಹಾಜ ಪ್ರವಾದಿಯ ಮಾತು ಕೇಳದ ಅದೇ ಜಾಗ. ರಬ್ಷಾಕೆ ಜುದೇಯರ ಸ್ವಂತ ಭಾಷೆಯಲ್ಲೇ ಮಾತಾಡಿದ. ಅರಮನೆಯವರು ದಯವಿಟ್ಟು ಅರಮಾಯಿಕ್‌ನಲ್ಲಿ ಹೇಳಿ, ನಮಗೆ ತಿಳಿಯುತ್ತದೆ ಎಂದು ಬೇಡಿಕೊಂಡರೆ ಅವನು ಇನ್ನೂ ಗಟ್ಟಿಯಾಗಿ, ಗೋಡೆಯ ಮೇಲೆ ಕುಳಿತಿದ್ದ ಸಾಮಾನ್ಯರಿಗೆ ಕೇಳುವಂತೆ ಕೂಗಿದ. ನಿಮ್ಮ ಅರಸ ಊರೂರಿನ ಪೂಜಾಸ್ಥಳಗಳನ್ನು ಕೆಡವಿದ್ದಾನೆ, ನಿಮ್ಮ ದೇವರಿಗೇ ಸಿಟ್ಟು ಬಂದಿದೆ ಎಂದ. 2,000 ಕುದುರೆ ಕೊಡುತ್ತೇನೆ, ಸವಾರರಿದ್ದಾರೆಯೇ ಎಂದು ಹಾಸ್ಯ ಮಾಡಿದ.

ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ, ಓದು ಪ್ರಾರ್ಥನೆಗಳಲ್ಲಿ ಕನ್ನಡ ಎಂದು ಬದುಕುವ ನಮಗೆ ಈ ದೃಶ್ಯ ಸುಲಭವಾಗಿ ಅರ್ಥವಾಗುತ್ತದೆ. ಪರಭಾಷೆಯ ಬೆದರಿಕೆ ಕಿವಿಯ ಹತ್ತಿರ ನಿಲ್ಲುತ್ತದೆ, ಸ್ವಂತ ಭಾಷೆಯದು ಒಳಗೆ ಇಳಿಯುತ್ತದೆ. ಮಾತೃಭಾಷೆಯಲ್ಲಿ ಬಂದ ಮಾತೆಲ್ಲ ನಮ್ಮವರ ಮಾತಲ್ಲ. ಈಗಿನ ಕಾಲದಲ್ಲಿ ಮೊಬೈಲಿಗೆ ಬಂದು ಬೀಳುವ ಎಷ್ಟೋ ಕನ್ನಡದ ಸಂದೇಶಗಳಿಗೂ ಇದು ಸಲ್ಲುತ್ತದೆ. ಹಿಜ್ಕೀಯನ ಅಪ್ಪಣೆ ಚಿಕ್ಕದಾಗಿತ್ತು: ಯಾರೂ ಉತ್ತರ ಕೊಡಬಾರದು. ಗೋಡೆಯ ಮೇಲಿದ್ದ ಜನ ಮೌನವಾಗಿದ್ದರು.

ಬಳಿಕ ಬೆದರಿಕೆಯ ಪತ್ರ ಬಂತು. ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಸರ್ವೇಶ್ವರನ ಮುಂದೆ ಬಿಚ್ಚಿ ಹರಡಿದ. ಇಡೀ ಹಳೆಯ ಒಡಂಬಡಿಕೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಘಳಿಗೆ ಇದು. ಹೊರಗೆ ಸುರಂಗ ಸಿದ್ಧವಿತ್ತು, ಗೋಡೆ ಸಿದ್ಧವಿತ್ತು, ಬಂಗಾರವನ್ನು ಕೊಟ್ಟಾಗಿತ್ತು, ಈಜಿಪ್ಟು ಕೈಕೊಟ್ಟಿತ್ತು. ಅವನ ಪ್ರಾರ್ಥನೆಯಲ್ಲಿ ಅಲಂಕಾರವಿಲ್ಲ. ಅಸ್ಸೀರಿಯದವರು ಇತರ ನಾಡುಗಳನ್ನು ಹಾಳುಮಾಡಿದ್ದು ನಿಜ ಎಂದು ಒಪ್ಪಿಕೊಂಡೇ ಮುಂದುವರಿಯುತ್ತಾನೆ. ವೈದ್ಯರ ವರದಿ, ಬ್ಯಾಂಕಿನ ನೋಟಿಸು, ವೀಸಾ ತಿರಸ್ಕಾರದ ಕಾಗದ ಮುಂತಾದವುಗಳನ್ನು ಕೈಯಲ್ಲಿ ಹಿಡಿದು ಪೀಠದ ಮುಂದೆ ಕೂರುವವರು ನಮ್ಮಲ್ಲೂ ಇದ್ದಾರೆ. ಆ ರಾತ್ರಿ ಸರ್ವೇಶ್ವರನ ದೂತ ಅಸ್ಸೀರಿಯರ ಪಾಳೆಯದಲ್ಲಿ 1,85,000 ಮಂದಿಯನ್ನು ಹೊಡೆದನೆಂದು ಅರಸರ ಗ್ರಂಥ ಹೇಳುತ್ತದೆ. ಸನ್ಹೇರೀಬನ ಶಾಸನ ಆ ರಾತ್ರಿಯ ಮಾತೆತ್ತುವುದಿಲ್ಲ. ಆದರೆ 46 ಪಟ್ಟಣ ಹಿಡಿದೆನೆಂದು ಬರೆಸಿದವನು ಜೆರುಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಬರೆಸಲಿಲ್ಲ. ಕ್ರಿಸ್ತಪೂರ್ವ 681ರಲ್ಲಿ ಅವನು ತನ್ನ ಮಕ್ಕಳ ಕೈಯಲ್ಲೇ ಸತ್ತ.

ಅರಸನ ಕಾಯಿಲೆಯ ಕಥೆ ಬೈಬಲಿನಲ್ಲಿ ಇದರ ನಂತರ ಬರುತ್ತದೆ. ಲೆಕ್ಕ ಹಾಕಿದರೆ ಅದು ಮುತ್ತಿಗೆಯ ವರ್ಷದ್ದೇ. ಆಳಿದ್ದು 29 ವರ್ಷ, ಕಾಯಿಲೆಯ ಮೇಲೆ ಸಿಕ್ಕಿದ್ದು 15, ಉಳಿಯುವುದು 14. ಸನ್ಹೇರೀಬ ಬಂದದ್ದೂ 14ನೆಯ ವರ್ಷದಲ್ಲಿ. ನೀನು ಬದುಕುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಎಂದು ಯೆಶಾಯ ಹೇಳಿದಾಗ ಹಿಜ್ಕೀಯ ಗೋಡೆಯ ಕಡೆಗೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಪ್ರವಾದಿ ನಡು ಅಂಗಳ ದಾಟುವ ಮೊದಲೇ ದೇವರು ಅವನನ್ನು ಹಿಂದೆ ಕಳುಹಿಸಿದರು. ಹದಿನೈದು ವರ್ಷ ಆಯುಸ್ಸು ಸಿಕ್ಕಿತು. ಜೊತೆಗೆ ಯೆಶಾಯ ಅಂಜೂರದ ಹಣ್ಣಿನ ಪಟ್ಟು ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪ್ರಾರ್ಥನೆ ಇದ್ದರೆ ಮದ್ದು ಬೇಡ ಎನ್ನುವವರು ಈ ವಚನವನ್ನು ಓದಬೇಕು. ಗುಣವಾದ ಮೇಲೆ ಅರಸ ಹಾಡಿದ ಹಾಡು ಯೆಶಾಯನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ನಮ್ಮ ಗುರುಗಳೂ ಧರ್ಮಭಗಿನಿಯರೂ ಇಂದಿಗೂ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಅದನ್ನು ಹೇಳುತ್ತಾರೆ.

ಬದುಕಿ ಎದ್ದವನನ್ನು ನೋಡಲು ಬಾಬಿಲೋನಿನ ಅರಸ ಮೆರೋದಕ ಬಲದಾನ ಉಡುಗೊರೆಯೊಡನೆ ದೂತರನ್ನು ಕಳುಹಿಸಿದ. ಹಿಜ್ಕೀಯ ಹಿಗ್ಗಿಹೋದ. ಬೆಳ್ಳಿ, ಬಂಗಾರ, ಸುಗಂಧತೈಲ, ಆಯುಧಶಾಲೆ ಎಲ್ಲ ತೋರಿಸಿದ, ತೋರಿಸದೆ ಬಿಟ್ಟದ್ದು ಒಂದೂ ಇರಲಿಲ್ಲ. ಯೆಶಾಯ ಬಂದು ಕೇಳಿದ ಮೇಲೆ ಮುಂದಾಗುವುದನ್ನು ಹೇಳಿದ: ಇದೆಲ್ಲವೂ ಒಂದು ದಿನ ಬಾಬಿಲೋನಿಗೆ ಹೋಗುತ್ತದೆ, ನಿನ್ನ ಸಂತಾನದವರೂ ಸೆರೆಹೋಗುತ್ತಾರೆ. ಹಿಂದೆ ಒಂದು ಪತ್ರಕ್ಕೆ ದೇವಾಲಯಕ್ಕೆ ಓಡಿದವನು, ಸಾವಿನ ಮಾತಿಗೆ ಅತ್ತವನು, ಈಗ ಅಳಲಿಲ್ಲ, ಪ್ರಾರ್ಥಿಸಲೂ ಇಲ್ಲ. ದೇವರ ಮಾತು ಒಳ್ಳೆಯದೇ, ನನ್ನ ಕಾಲದಲ್ಲಂತೂ ಶಾಂತಿ ಇರುತ್ತದಲ್ಲ ಎಂದುಕೊಂಡ.

ಕೆಲವರು ಇದನ್ನು ಅರಸನ ವಿನಯವೆಂದು ಓದುತ್ತಾರೆ. ನಮಗೆ ಹಾಗೆ ಓದಲು ಆಗುವುದಿಲ್ಲ. ತನ್ನ ಹದಿನೈದು ವರ್ಷಕ್ಕೆ ಕಣ್ಣೀರಿಟ್ಟವನು ಮಕ್ಕಳ ನೂರು ವರ್ಷಕ್ಕೆ ಒಂದು ಹನಿಯನ್ನೂ ಹಾಕಲಿಲ್ಲ. ನಮ್ಮ ಕಾಲಕ್ಕೆ ದೇವಾಲಯ ತುಂಬುತ್ತದೆ, ನಮ್ಮ ಕಾಲಕ್ಕೆ ಕನ್ನಡದ ಬಲಿಪೂಜೆ ನಡೆಯುತ್ತದೆ, ಆಮೇಲಿನದು ಆಮೇಲೆ ಎಂಬ ಮಾತು ನಮ್ಮ ಸಭೆಗಳಲ್ಲೂ ಕೇಳಿಬರುತ್ತದೆ. ಧರ್ಮೋಪದೇಶಕ್ಕೆ ಕಲಿಸುವವರು ಬೇಕೆಂದು ಕೇಳಿದಾಗ ಏಳುವ ಕೈಗಳನ್ನು ಎಣಿಸಿದರೆ ಸಾಕು.

ಹಿಜ್ಕೀಯ ಸತ್ತಾಗ ಜುದೇಯದವರೆಲ್ಲ ಗೌರವ ಸಲ್ಲಿಸಿದರು, ದಾವೀದನ ವಂಶದವರ ಸಮಾಧಿಗಳ ಮೇಲ್ಭಾಗದಲ್ಲಿ ಹೂಳಿದರು. ಪಟ್ಟಕ್ಕೆ ಬಂದ ಮಗ ಮನಸ್ಸೆಗೆ 12 ವರ್ಷ. ಎಂದರೆ ದೇವರು ಕೂಡಿಸಿಕೊಟ್ಟ ಆ ಹದಿನೈದು ವರ್ಷಗಳಲ್ಲೇ ಹುಟ್ಟಿದವನು. ತಂದೆ ಕೆಡವಿದ ಪೂಜಾಸ್ಥಳಗಳನ್ನು ಅವನು ಮತ್ತೆ ಕಟ್ಟಿಸಿದ, ಅಜ್ಜ ಆಹಾಜನಂತೆ ಮಗನನ್ನು ಬೆಂಕಿಗೆ ಕೊಟ್ಟ, 55 ವರ್ಷ ಆಳಿದ. ಕೊನೆಗಾಲದಲ್ಲಿ ಸೆರೆಯಲ್ಲಿದ್ದಾಗ ದೇವರ ಕಡೆ ತಿರುಗಿದನೆಂದು ಪೂರ್ವಕಾಲದ ವೃತ್ತಾಂತ ಹೇಳುತ್ತದೆ. ಅವನ ಮೊಮ್ಮಗನೇ ಸಿರಾಖನ ಪಟ್ಟಿಯ ಮೂರನೆಯವನು, ಯೋಷೀಯ.

ಗೀಹೋನಿನ ನೀರು ಹೋಗಿ ಸೇರುವ ಸಿಲೋವಾಂ ಕೊಳಕ್ಕೆ ಏಳು ನೂರು ವರ್ಷಗಳ ನಂತರ ಯೇಸುಸ್ವಾಮಿ ಒಬ್ಬ ಹುಟ್ಟುಕುರುಡನನ್ನು ಕಣ್ಣು ತೊಳೆದುಕೊಳ್ಳಲು ಕಳುಹಿಸಿದರು. ಪ್ರತಿ ವರ್ಷ ಡಿಸೆಂಬರ್ 17ರ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ವಂಶಾವಳಿ ಓದಲಾಗುತ್ತದೆ. ಉದ್ದದ ಪಟ್ಟಿ, ಉಚ್ಚಾರಣೆಗೆ ಕಷ್ಟದ ಹೆಸರುಗಳು, ನಮ್ಮ ಗಮನ ಬೇಗ ಬೇರೆಡೆಗೆ ಹೋಗುತ್ತದೆ. ಆಹಾಜ, ಹಿಜ್ಕೀಯ, ಮನಸ್ಸೆ ಅಲ್ಲಿ ಅದೇ ಕ್ರಮದಲ್ಲಿ, ಪಕ್ಕಪಕ್ಕದಲ್ಲೇ ಇದ್ದಾರೆ.